ಮೂರನೇ ನಂಬರ್ ಕೋಣೆ

ಮಾರ್ಚಿ ತಿಂಗಳು. ಊರೂರಿನ ಮಕ್ಕಳಿಗೆಲ್ಲ ಪರೀಕ್ಷೆ.
ತಡಿಯಂಡಮೋಳ್ ಹತ್ತುವವರಿಲ್ಲ,
ಕಕ್ಕಬ್ಬೆಯ ತಿರುವಿನಲ್ಲಿ ಹೊರಗಿನ ಕಾರುಗಳಿಲ್ಲ.
ನಡುರಾತ್ರಿ ನೀರು ಕುಡಿಯಲು ಎದ್ದವಳು
ನನ್ನದೇ ಪಡಸಾಲೆಯಲ್ಲಿ
ತುದಿಗಾಲಲ್ಲಿ ನಡೆಯುತ್ತಿದ್ದೆ.
ಅರ್ಧ ದಾರಿಯಲ್ಲಿ ಹೊಳೆಯಿತು:
ನಿದ್ದೆ ಕೆಡಲು ಇಲ್ಲಿ ಯಾರೂ ಇಲ್ಲ.

ಗಟ್ಟಿಯಾಗಿ ಕೆಮ್ಮಿ ನೋಡಿದೆ.
ಗಂಟಲು ಅನುಮತಿ ಕೇಳಿತು.

ಏಳು ವರ್ಷ. ಹಂಚು ಬದಲಿಸಿದ ಸಾಲಕ್ಕೆಂದು
ಗೇಟಿಗೆ ಹೋಂಸ್ಟೇ ಬೋರ್ಡು ತಗಲಿಸಿದ ದಿನ
ಎರಡೇ ಕೋಣೆ, ಎರಡೇ ವರ್ಷ ಅಂದಿದ್ದೆವು.
ಆಮೇಲೆ ದೇಚುವಿನ ಕೋಣೆ.
ಅದರ ಬಾಗಿಲಿಗೆ ಹಿತ್ತಾಳೆಯ ಮೂರು,
ಅವಳ ಪುಸ್ತಕಗಳಿಗೆ ಕರಿಮೆಣಸಿನ ಮೂಟೆಗಳ ಪಕ್ಕ ಜಾಗ.
ನೂಪುಟ್ಟು ಒತ್ತುತ್ತಲೇ ಫೋನಿಗೆ ಭುಜ ಕೊಟ್ಟೆ.
"ಬಿಸಿನೀರು ಇಪ್ಪತ್ನಾಲ್ಕು ಗಂಟೆಯೂ ಉಂಟು" ಅಂದೆ;
ಹಾಗೇ ಆದೆ ನಾನೂ,
ತಿರುಗಿಸಿದಾಗ ಬರುವವಳು.
ಟವೆಲನ್ನು ಹಂಸದಂತೆ ಮಡಚಲು ಕಲಿತೆ.
ಬೆನ್ನ ಹಿಂದೆ ನನ್ನ ಸೀರೆಯ ನೆರಿಗೆ ಸಡಿಲಾದದ್ದು
ನನಗೆ ಕಾಣುವಂತಿರಲಿಲ್ಲ.

ಅತಿಥಿಗಳ ಪುಸ್ತಕದಲ್ಲಿ, ಕಳೆದ ದೀಪಾವಳಿಗೆ,
ಧಾರವಾಡದ ಒಬ್ಬ ಹುಡುಗ, ಎಂಟನೇ ಕ್ಲಾಸಿರಬೇಕು,
ಗುಂಡು ಅಕ್ಷರದಲ್ಲಿ ಬರೆದು ಹೋಗಿದ್ದ:
"ಊಟ ಭಾಳ ಚಲೋ ಇತ್ತು.
ಆಂಟಿ ಕೂತಿದ್ದು ಒಮ್ಮೆನೂ ನೋಡಲಿಲ್ಲ."
ಹೊಗಳಿಕೆ ಅಂದುಕೊಂಡು
ಇವರಿಗೆ ಓದಿ ಹೇಳಿದ್ದೆ.

ಕೆಮ್ಮಿದ ಮರುವಾರ ದೇಚು ಬಂದಳು,
ಪೊನ್ನಂಪೇಟೆಯ ಹಾಸ್ಟೆಲಿನಿಂದ, ಎರಡು ದಿನಕ್ಕೆ.
ಕಡಂಬುಟ್ಟು ಬಡಿಸಿ ಕುರ್ಚಿಯ ಹಿಂದೆ ನಿಂತೆ,
ಕೈಯಲ್ಲಿ ಕೈ ಕಟ್ಟಿ, "ಇನ್ನೇನಾದರೂ ಬೇಕಿತ್ತಾ?"
ತುತ್ತು ತಟ್ಟೆಗೆ ಮರಳಿತು.
"ಅವ್ವ, ನಾನು ಬಿಲ್ಲು ಕೊಡಬೇಕಾ?"
ನಕ್ಕಳು. ನಾನೂ ನಕ್ಕೆ.
ನಗು ಮೊದಲು ನಿಂತದ್ದು ನನ್ನದು.

ಆ ರಾತ್ರಿ ಇವರು ಕ್ಯಾಲೆಂಡರಿನ ಬೆನ್ನಿಗೆ ಲೆಕ್ಕ ಬರೆದರು.
ಮೂರನೇ ಕೋಣೆ ನಿಂತರೆ ಇಷ್ಟು,
ಸೋಮವಾರ ಗೇಟು ಹಾಕಿದರೆ ಇಷ್ಟು,
ಬ್ಯಾಂಕಿನ ಕಂತಿಗೆ ಸೋಮವಾರ ಮಂಗಳವಾರ ಅಂತಿಲ್ಲ.
"ಒಂಬತ್ತು ಸಾವಿರ ಎಲ್ಲಿಂದ?" ಅಂದರು.
ನನಗೂ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ.
"ಕಕ್ಕಡದಲ್ಲಿ ನಿಮ್ಮ ಕೋವಿ ಕನ್ನಿಕೋಂಬರೆಯಲ್ಲಿ ಮಲಗುತ್ತದೆ,
ಕೈಲ್ ಪೊಳ್ದಿಗೆ ತೋಕ್ ಪೂ ಮುಡಿದು ಎದ್ದು ಬರುತ್ತದೆ.
ನನ್ನನ್ನು ಒರಗಿಸಿಡಲು
ಒಂದು ಗೋಡೆ ತೋರಿಸಿ" ಅಂದೆ.
ಬಹಳ ಹೊತ್ತು ಪೆನ್ನಿನ ಮುಚ್ಚಳ ತೆರೆದರು, ಹಾಕಿದರು.
ಬೆಳಿಗ್ಗೆ ನೋಡಿದರೆ ಕೈಯಲ್ಲಿ ಸ್ಕ್ರೂಡ್ರೈವರ್.

ಹಿತ್ತಾಳೆಯ ಮೂರು ಕಳಚಿತು.
ತೂತುಗಳೆರಡು ಉಳಿದವು.

ಮೊದಲ ಸೋಮವಾರ ಗೋಳೇ ಗೋಳು.
ಫೋನನ್ನು ಹಳೆಯ ಸೇರಿನೊಳಗಿಟ್ಟೆ;
ಅಲ್ಲಿಂದಲೇ ಗುಂಯ್ ಅಂದಿತು, ಸಿಕ್ಕಿಬಿದ್ದ ಕಣಜದಂತೆ.
ಹನ್ನೊಂದು ಗಂಟೆಗೆ, ಯಾರೂ ಮಲಗದ ಹಾಸಿಗೆಯ
ಎರಡು ಬಟ್ಟೆ ಕದ್ದು ಒಗೆದುಬಿಟ್ಟೆ.
ಮಧ್ಯಾಹ್ನ ತೋಟದ ಕಲ್ಲಿನ ಮೇಲೆ ಕೂತೆ.
ಹೂಮಳೆ ಬಿದ್ದು ಒಂಬತ್ತನೇ ದಿನ.
ಏಳು ವರ್ಷ ಎಲ್ಲರಿಗೂ ಬೆರಳಲ್ಲಿ ತೋರಿಸುತ್ತ ಬಂದ ಕಾಫಿ ಹೂವಿಗೆ
ಮೂಗು ತಾಗಿಸಿದ್ದು ಅಂದೇ.
ತಲೆ ಸುತ್ತುವ ಘಮ. ಐದು ನಿಮಿಷಕ್ಕೆ ಸಾಕಾಯಿತು.
ಎದ್ದೆ.
ಮತ್ತೆ ಕೂತೆ.

ಮೂರನೇ ಸೋಮವಾರ ಸೋತದ್ದೂ ಉಂಟು:
ಟೈರು ಪಂಕ್ಚರಾದ ಸಂಸಾರ, ಮಗುವಿಗೆ ಜ್ವರ,
ಗೇಟು ತೆಗೆದೆ. ತೆಗೆಯಬೇಕಿತ್ತು.
ಆದರೆ ಅವರ ಜೊತೆಗೇ ಕೂತು ಗಂಜಿ ಕುಡಿದೆ,
ಗಂಡಸು ಒಂದು ಸಲ ತಾನೇ ಎದ್ದು ಉಪ್ಪು ತಂದ.

ನಿನ್ನೆ ನಡುರಾತ್ರಿ ಬಾಯಾರಿತು.
ಪಡಸಾಲೆಯ ಉದ್ದಕ್ಕೂ ಹಿಮ್ಮಡಿ ಊರಿ
ಧಪ್ ಧಪ್ ನಡೆದೆ,
ಹಲಗೆಗಳಿಗೆ ನನ್ನ ತೂಕ ಮರೆತೇಹೋಗಿತ್ತು.
ನಂಬರಿಲ್ಲದ ಬಾಗಿಲಿನ ಆಚೆಯಿಂದ
ನಿದ್ದೆಗಣ್ಣಿನ ದನಿ:
"ಅವ್ವ, ಸ್ವಲ್ಪ ಮೆಲ್ಲಗೆ!"