ಮುಕ್ಕು

ಮೊದಲು ಪ್ಲಗ್ಗು ಕೀಳು.
ಸ್ವಿಚ್ಚು ಆರಿಸಿದರೆ ಸಾಲದು, ರೈಗೊ,
ಕಿತ್ತ ಪ್ಲಗ್ಗನ್ನು ಮೇಜಿನ ಮೇಲಿಡು,
ಇಬ್ಬರ ಕಣ್ಣಿಗೂ ಕಾಣುವ ಹಾಗೆ.
ಆರ್ವೆದ್‌ನ ಎಡಗೈ ನೋಡಿದ್ದೀಯಲ್ಲ,
ಮೂರೂವರೆ ಬೆರಳಲ್ಲಿ ಅಕಾರ್ಡಿಯನ್ ನುಡಿಸುತ್ತಾನೆ.
ಚೆನ್ನಾಗಿಯೇ ನುಡಿಸುತ್ತಾನೆ, ಆ ಮಾತು ಬೇರೆ.

ನೀನು ಹಲಗೆ ತಳ್ಳುವಾಗಲೇ ನನಗೆ ಕೇಳಿಸಿತ್ತು:
ಒಂದೇ ಸಮ ಗುಂಯ್ಗುಡುತ್ತಿದ್ದ ತೋಪಡ ಯಂತ್ರ
ನಡುವೆ ಒಮ್ಮೆ ಕೆಮ್ಮಿತು.
ಅಷ್ಟೇ.
ಆಮೇಲೆ ಬಂದ ಪ್ರತಿ ಹಲಗೆಯ ಮೇಲೂ
ಈ ತುದಿಯಿಂದ ಆ ತುದಿಗೆ ಒಂದು ಏಣು,
ಕೂದಲೆಳೆ ದಪ್ಪ.
ಕಣ್ಣಿಗೆ ಬೀಳದು, ಹೆಬ್ಬೆರಳಿಗೆ ಬೀಳುತ್ತದೆ.
ಇದು ಸಲ್ಮೆಯ ಮನೆಯ ನೆಲಕ್ಕೆ.
ಜನವರಿಯಲ್ಲೂ ಬರಿಗಾಲಲ್ಲಿ ಓಡಾಡುವ ಹೆಂಗಸು ಅವಳು.
ಮೊದಲ ದಿನವೇ ಫೋನು ಮಾಡುತ್ತಾಳೆ.

ಕೆಮ್ಮಿಸಿದ ಹಲಗೆ ತಾ ಇಲ್ಲಿ.
ನೋಡು, ಗಂಟಿನ ಪಕ್ಕ ನೀಲಿಗಪ್ಪು ಕಲೆ,
ಅದರ ನಡುವೆ ಸಾಸಿವೆ ಕಾಳಿನಷ್ಟು ಕಬ್ಬಿಣ.
ಮೊಳೆಯಲ್ಲ.
ಈ ಪೈನ್ ನಿಂತಿದ್ದು ಸೊರ್ವೆಯ ತುದಿಯಲ್ಲಿ,
ನಲವತ್ತನಾಲ್ಕರಲ್ಲಿ ನನ್ನ ಮೊಣಕೈ ದಪ್ಪ ಇದ್ದಿರಬೇಕು.
ಯಾರ ಶೆಲ್ಲಿನ ಚೂರೋ.
ಆ ಕಡೆಯವರೂ ಹಾರಿಸಿದ್ದರು, ಈ ಕಡೆಯವರೂ.
ಮರ ಹೆಸರು ಕೇಳಲಿಲ್ಲ,
ಸುತ್ತ ಅಂಟು ಸುರಿಸಿಕೊಂಡು ಬಾಯಿ ಮುಚ್ಚಿಕೊಂಡಿತು,
ವರ್ಷಕ್ಕೊಂದು ಉಂಗುರ ಹಾಕುತ್ತ ಹೋಯಿತು.
ಮಿಲ್ಲಿನ ಉರ್ಮಸ್ ಡಿಟೆಕ್ಟರ್ ಆಡಿಸಿದ್ದೆ ಎಂದು ಆಣೆ ಹಾಕುತ್ತಾನೆ.
ಆಡಿಸಿರಬಹುದು.
ಸಾಸಿವೆ ಯಾವ ಡಿಟೆಕ್ಟರಿಗೂ ಬಾಯಿ ಬಿಡುವುದಿಲ್ಲ.

ಅಲಗು ತಿರುಗಿಸಿ ಹಾಕೋಣ ಅನ್ನುತ್ತೀ.
ಆ ಬಾಯಿ ಮಾರ್ಚಿಯಲ್ಲೇ ಸವೆದು ಹೋಗಿದೆ.
ಹೊಸದು ಬರುವುದು ಗುರುವಾರದ ಫೆರ್ರಿಗೆ,
ಅದೂ ಗಾಳಿ ಮನಸ್ಸು ಮಾಡಿದರೆ.

ಮುಚ್ಚಳ ಬಿಚ್ಚು. ರೋಲರು ಕೈಯಲ್ಲಿ ತಿರುಗಿಸು,
ಟಕ್ ಎಂದು ಕಚ್ಚಿ ನಿಲ್ಲುವ ತನಕ.
ತಿರುಪು ಎಂಟು. ಎಣಿಸು.
ಅಯಸ್ಕಾಂತದಿಂದ ಅಲಗನ್ನು ಎತ್ತು, ಉಗುರಿನಿಂದಲ್ಲ.
ಅಂಚಿಗೆ ಬೆರಳು ಅಡ್ಡ ಎಳೆದು ನೋಡಬಹುದು,
ಉದ್ದಕ್ಕೆ ಎಳೆದರೆ ನೀನೂ ಅಕಾರ್ಡಿಯನ್ ಕಲಿಯುತ್ತೀ.
ಕೆಳಗಿನ ರಾಳಕ್ಕೆ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು.
ಒಂದು ಚಕ್ಕೆ ಉಳಿದರೂ ಅಲಗು ಸಮ ಕೂರುವುದಿಲ್ಲ.

ಈಗ ಬೆಳಕಿಗೆ ಹಿಡಿ, ಮೂರನ್ನೂ.
ಮೂರಕ್ಕೂ ಮುಕ್ಕು ಒಂದೇ ಜಾಗದಲ್ಲಿ.
ಗೊತ್ತಾಯಿತೆ?
ಮೂವರೂ ಒಂದೇ ಕಡೆ ತಪ್ಪಿದರೆ
ಆ ಕಡೆಯನ್ನು ಯಾರೂ ಕೀಸುವುದಿಲ್ಲ,
ಅದೇ ಏಣಾಗಿ ಉಳಿಯುತ್ತದೆ.

ನನ್ನ ಅಜ್ಜನ ಒಬ್ಬ ತಮ್ಮ ಈ ಸೈನ್ಯದಲ್ಲಿ,
ಇನ್ನೊಬ್ಬ ಆ ಸೈನ್ಯದಲ್ಲಿ.
ಅಜ್ಜಿ ಇಬ್ಬರ ಫೋಟೋವನ್ನೂ ಒಂದೇ ಗೋಡೆಗೆ ತೂಗುಹಾಕಿದ್ದಳು.
ಒಂದೇ ಮೊಳೆಗಲ್ಲ.

ಹೂಂ, ಮೊದಲನೆಯದನ್ನು ಎಡಕ್ಕೆ ಸರಿಸು,
ಒಂದು ಮಿಲಿಮೀಟರ್, ಹೆಚ್ಚು ಬೇಡ.
ಎರಡನೆಯದು ಬಲಕ್ಕೆ.
ಮೂರನೆಯದು ಇದ್ದಲ್ಲೇ ಇರಲಿ.
ತೂತುಗಳು ಉದ್ದವಾಗಿವೆಯಲ್ಲ, ಅದಕ್ಕೇ ಅವು.
ಇವನ ಮುಕ್ಕು ಬಿಟ್ಟದ್ದನ್ನು ಅವನು ಕೀಸುತ್ತಾನೆ,
ಅವನು ಬಿಟ್ಟದ್ದನ್ನು ಇನ್ನೊಬ್ಬ.
ಒಂದೂ ಹರಿತವಾಗಲಿಲ್ಲ, ನೋಡು,
ಬರೀ ಜಾಗ ಬದಲಾಯಿಸಿತು.

ತಿರುಪು ನಡುವಿನಿಂದ ಶುರುಮಾಡಿ ಹೊರಗೆ ಬಿಗಿ,
ಮೊದಲು ಅರೆಮನಸ್ಸಿನಿಂದ, ಆಮೇಲೆ ಪೂರ್ತಿ.
ಗೇಜು ಇಟ್ಟು ಎತ್ತರ ನೋಡು, ಎರಡೂ ತುದಿಗೆ.
ಕಾಗದ ತೂರಿದರೆ ಮತ್ತೆ ಸಡಿಲಿಸು.
ಬೇಸರಪಡಬೇಡ,
ನನಗೆ ಮೊದಲ ಸಲ ಮಧ್ಯಾಹ್ನವೇ ಹೋಗಿತ್ತು,
ಕಾಫಿ ಎರಡು ಸಲ ಆರಿತ್ತು.

ಚೂರು ಕಬ್ಬಿಣ? ಎಸೆಯಬೇಡ.
ಆ ಮೀನಿನ ಡಬ್ಬಿಯಲ್ಲಿ ಹಾಕು, ಇನ್ನೂ ಇವೆ.
ಯಾಕೆ ಇಟ್ಟಿದ್ದೇನೆಂದು ಕೇಳಬೇಡ.

ಬೇಡದ ತುಂಡೊಂದು ತಾ, ಮೊದಲು ಅದನ್ನು ತಳ್ಳೋಣ.
ಏಣು ಹೋಗದಿದ್ದರೆ ಸಲ್ಮೆಗೆ ಕಾಲುಚೀಲ ಹೆಣೆಯುತ್ತೇನೆ.
ಪ್ಲಗ್ಗು ಹಾಕು.

ಬೇಡ, ನಿಲ್ಲು.
ಆ ಟಿ ಆಕಾರದ ಕೀಲಿ
ಎಲ್ಲಿಟ್ಟೆ?