ಚಂದಾದಾರ

ಹಾಲಿನವನಿಗೆ ಚಂದಾ, ಪೇಪರಿನವನಿಗೆ ಚಂದಾ,
ಕೇಬಲ್ಲಿನವನಿಗೆ ನೋಡದಿದ್ದರೂ ಚಂದಾ.
ಈಗ ಇದಕ್ಕೂ.
ಅಶ್ವತ್ಥಮ್ಮ ರಸೀದಿ ತಿರುಗಿಸಿ ಹಿಂಭಾಗ ಹುಡುಕಿದಳು,
ವಾಪಸಾತಿಯ ಷರತ್ತೇನಾದರೂ ಇದೆಯೋ ಎಂದು.
ಇರಲಿಲ್ಲ.

ಚೀಟಿ ಎತ್ತಿದ ಹಣ. ಗೀಸರ್ ತರುತ್ತೇನೆಂದು ಹೊರಟವನು
ನಂದಿಯ ಬುಡದ ವೈನ್ ತೋಟದಲ್ಲಿ ಹೆಸರು ಬರೆಸಿ ಬಂದಿದ್ದೆ.
ವರ್ಷಕ್ಕೆ ನಾಲ್ಕು ಸಲ, ಸಲಕ್ಕೆ ಮೂರು ಬಾಟ್ಲಿ,
ಖುದ್ದು ಬಂದು ಸಹಿ ಮಾಡಿ ಒಯ್ಯತಕ್ಕದ್ದು.
ಒಂದು ವಾರ ಮನೆಯಲ್ಲಿ ಮಾತಿಲ್ಲ.
ಎಂಟನೇ ದಿನ ತಣ್ಣೀರು ಸುರಿದುಕೊಳ್ಳುತ್ತಾ
ಬಚ್ಚಲಿಂದಲೇ ಕೂಗಿದಳು:
"ಕೊಟ್ಟದ್ದು ಕೊಟ್ಟಾಯ್ತಲ್ಲ, ಇನ್ನು ಪೈಸಾ ವಸೂಲ್ ಮಾಡು."

ಮೂವತ್ತೊಂದು ವರ್ಷ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತಕ್ಕಡಿ ಕಾದ ಕೈ ಇದು.
ರೇಷ್ಮೆಗೂಡನ್ನು ಕಿವಿ ಹತ್ತಿರ ಅಲುಗಿಸಿದರೆ ಸಾಕು,
ಒಳಗಿನ ಹುಳು ಗಟ್ಟಿಯೋ ಕರಗಿದೆಯೋ ಅದೇ ಹೇಳುತ್ತೆ.
ಮೊದಲ ಬಾಟ್ಲಿಯನ್ನೂ ಹಾಗೇ ಅಲುಗಿಸಿದೆ.
ಏನೂ ಹೇಳಲಿಲ್ಲ.

ಜೊತೆಗಿದ್ದ ಕಾಗದದಲ್ಲಿ ಬರೆದಿತ್ತು: ಚರ್ಮ, ಹೊಗೆಸೊಪ್ಪು,
ಬಾಯಿ ತಿರುಗದ ಹೆಸರಿನ ಯಾವುದೋ ಹಣ್ಣು.
ನನ್ನ ಮೂಗಿಗೆ ಸಿಕ್ಕಿದ್ದು ಬರೀ ಹುಳಿ.
ಅಶ್ವತ್ಥಮ್ಮ ಲೋಟ ಕಿತ್ತುಕೊಂಡಳು.
ಹದಿನಾರಕ್ಕೆ ದ್ರಾಕ್ಷಿ ತೋಟದ ಕೂಲಿಗೆ ಹೋಗಿ
ಬುಟ್ಟಿಗೆ ಪೇಪರು ಹಾಸಿ ಗೊಂಚಲು ಜೋಡಿಸುತ್ತಿದ್ದಳಂತೆ,
ಮದುವೆಯಾಗಿ ಇಷ್ಟು ವರ್ಷಕ್ಕೆ ಅವತ್ತು ತಿಳಿದೆ.
"ಇದು ನಮ್ಮ ಬ್ಲೂ ಅಲ್ಲ.
ಅದು ಬಾಗಿಲು ತಟ್ಟದೆ ಒಳಗೆ ನುಗ್ಗುತ್ತೆ.
ಇದು ಹೊಸ್ತಿಲಲ್ಲಿ ನಿಂತು ಕೆಮ್ಮುತ್ತೆ."
ಇನ್ನೊಂದು ಗುಟುಕು.
"ಮಳೆ ಬಿದ್ದ ಮಾರನೇ ದಿನವೇ ಕಿತ್ತಿದ್ದಾರೆ. ಮೇಸ್ತ್ರಿಗೆ ಅವಸರ."

ಅಂದಿನಿಂದ ಕಾಗದ ಒಲೆಗೆ. ನಾನು ಬರೆಯುವವ, ಅವಳು ಹೇಳುವವಳು.
ಹಳೇ ತೂಕದ ಪುಸ್ತಕದಲ್ಲಿ
ಕೆ.ಜಿ., ಗ್ರಾಂ ಎಂದಿದ್ದ ಕಲಮಿನ ಕೆಳಗೆ
'ಮೊದಲ ದಿನ, ಬಿಗಿ' ಎಂದು ಬರೆದೆ.
ಒಂದು ಬಾಟ್ಲಿ ನಾಲ್ಕು ರಾತ್ರಿ ಬರಬೇಕು, ಅದು ಅವಳ ಕಾನೂನು.
ಮಗಳು ಹಾಲು ಕುಡಿದ ಹಿತ್ತಾಳೆ ಒಳಲೆಯಲ್ಲಿ ಅಳತೆ.
ಎರಡನೇ ದಿನ, ಸಡಿಲ.
ಮೂರನೇ ದಿನ, "ನಿಮ್ಮಮ್ಮ ಹೋಗೋಕೆ ಮುಂಚೆ
ಒಂದೇ ಒಂದು ಸಲ ನನ್ನ ನೋಡಿ ನಕ್ಕಿದ್ದರಲ್ಲ, ಹಾಗೆ."
ಅದನ್ನೂ ಬರೆದುಕೊಂಡೆ.
ನಾಲ್ಕನೇ ದಿನ ಉಳಿದದ್ದು ಹಸಿಮೆಣಸಿನಕಾಯಿ ಭರಣಿಗೆ.

ಅವರೆಕಾಯಿ ಬಂದ ತಿಂಗಳು ಹಿತಕಿದ ಬೇಳೆ ಸಾರು, ಮುದ್ದೆ,
ಪಕ್ಕದಲ್ಲಿ ಒಳಲೆ.
ಮುದ್ದೆ ಅಗಿಯದೆ ನುಂಗುವ ವಿದ್ಯೆ;
ಹುಟ್ಟಿದಾಗಿನಿಂದ ನುಂಗಿದವರು ನಾವು.
ಇದು ಹಾಗಲ್ಲ, ನಾಲಿಗೆ ಮೇಲಿಟ್ಟುಕೊಂಡು ಕಾಯಬೇಕು.
ಕಾಯುವಾಗ ಟೀವಿ ಆರಿಸುತ್ತಾಳೆ.
ಪಕ್ಕದ ಮನೆ ಪಿಳ್ಳಪ್ಪ ಕಾಂಪೌಂಡಿನಾಚೆಯಿಂದ ಕೇಳಿದ:
"ಏನಣ್ಣ, ಕಿಕ್ಕು ಬರುತ್ತಾ?"
ಇಲ್ಲ ಕಣಪ್ಪ.
"ಮತ್ತಿನ್ನೇನಕ್ಕೆ?"
ಉತ್ತರ ನಾಲಿಗೆ ಮೇಲಿತ್ತು. ಬಾಯಿ ತೆರೆದಿದ್ದರೆ ಚೆಲ್ಲುತ್ತಿತ್ತು.

ನಾಲ್ಕನೇ ಸಲ ಅವಳೂ ಸ್ಕೂಟರ್ ಹತ್ತಿದಳು.
ಬೆಟ್ಟಕ್ಕೆ ಮಂಜು ಕೂತಿತ್ತು, ತೋಟದಲ್ಲಿ ಕತ್ತರಿ ಸದ್ದು.
ಗೇಟಿನಲ್ಲಿ ಗಂಗುಲಪ್ಪ, ಕಿವಿಗೆ ಮಫ್ಲರ್:
"ಖಾಲಿ ಬಾಟ್ಲಿ ತಂದಿದ್ದರೆ ಕೊಡಿ ಸಾರ್, ತಲಾ ಹತ್ತು ರೂಪಾಯಿ."
ಮನಸ್ಸಲ್ಲೇ ಎಣಿಸಿದೆ.
ಎರಡರಲ್ಲಿ ಕಡಲೆಕಾಯಿ ಎಣ್ಣೆ. ಒಂದರಲ್ಲಿ ಮನಿ ಪ್ಲಾಂಟ್.
ಒಂದು, ಮಗಳು ಫೋಟೊ ಹಿಡಿಯಲೆಂದು ಒಯ್ದದ್ದು, ಬರಲೇ ಇಲ್ಲ.
ಒಂದನ್ನು ಪೂರ್ವದ ಕಿಟಕಿಯಲ್ಲಿಟ್ಟಿದ್ದಾಳೆ ಸುಮ್ಮನೆ,
ಎಂಟೂವರೆಗೆ ನೆಲದ ಮೇಲೆ ಹಸಿರು ಬೀಳುತ್ತೆ,
ಅಷ್ಟು ಹೊತ್ತು ಅಲ್ಲಿ ಕಸ ಗುಡಿಸೋ ಹಾಗಿಲ್ಲ.
"ಖಾಲಿ ಯಾವುದೂ ಇಲ್ಲಪ್ಪ," ಅಂದಳು ಅವಳೇ.

ಮುಂದಿನ ವರ್ಷದ ಫಾರಂ ಕೊಟ್ಟರು. ಜೇಬಿಗಿಟ್ಟೆ.
ಗೀಸರ್ ಮಾತು ಇಬ್ಬರೂ ಎತ್ತಲಿಲ್ಲ.
ಹಿಂದಿನ ಸೀಟಿನಲ್ಲಿ ಕೂತು, ಡಬ್ಬದಿಂದ ಒಂದು ಬಾಟ್ಲಿ ತೆಗೆದು
ಕಿವಿ ಹತ್ತಿರ ಹಿಡಿದು ಅಲುಗಿಸಿದಳು,
ಥೇಟ್ ನನ್ನ ಹಾಗೇ.
ಏನಂತೆ? ಅಂದೆ ಕನ್ನಡಿಯಲ್ಲಿ ನೋಡುತ್ತಾ.
"ಚಳಿಯಂತೆ. ಗಾಡಿ ಸ್ಟಾರ್ಟ್ ಮಾಡು."