ನಾಲ್ಕನೇ ಜ್ವರ

ನನ್ನ ಕೋಣೆ ಅವಳಿಗೆ ಕೊಟ್ಟರು.
ನನ್ನನ್ನು ಕೇಳಿದರು ಅನ್ನಿ, ಕೊಟ್ಟಾದ ಮೇಲೆ.
ಕಿಟಕಿ ಪಕ್ಕದ ಮಂಚ, ಗೋಡೆಯ ಮೂರು ಮೊಳೆ,
ಒಂದರ ಮೇಲೆ ಈಗ ಕಸೂತಿ ಹಾಕಿದ ಚೌಕ ಟೋಪಿ.
ನಾನು ನಡುಮನೆಯಲ್ಲಿ, ಅವ್ವನ ಗೊರಕೆಯ ಗಡಿಯಲ್ಲಿ.

ಫರ್ಗಾನಾ ಅಂತೆ ಊರು.
ಚಿಂತಾಮಣಿಯ ರೇಷ್ಮೆ ಕಾಲೇಜಿಗೆ ಓದಲು ಬಂದವಳು
ಹಾಸ್ಟೆಲಿನ ರಿಪೇರಿ ಮುಗಿಯುವವರೆಗೆ
ಶಿಡ್ಲಘಟ್ಟ ರಸ್ತೆಯ ನಮ್ಮ ಮನೆಯಲ್ಲಿ.
ಮೇಷ್ಟ್ರು ಕೇಳಿದರು, ಅಪ್ಪ ತಲೆಯಾಡಿಸಿದರು, ಅಷ್ಟೆ.
ರಿಪೇರಿಗೆ ಇನ್ನೂ ಮರಳೇ ಬಂದಿಲ್ಲ.

ಮೊದಲ ಬೆಳಗ್ಗೆ ತಾನೇ ಟೀ ಬಗ್ಗಿಸಿದಳು.
ಅಪ್ಪನಿಗೆ ಅರ್ಧ ಲೋಟ.
ಅಪ್ಪ ಲೋಟದೊಳಗೆ ನೋಡಿದರು,
ಅಮ್ಮನ ಮುಖ ನೋಡಿದರು,
ಡೈರಿಯ ಲೆಕ್ಕ ನೆನಪಾದವರಂತೆ ಎದ್ದು ಹೋದರು.
ನನಗೆ ಒಳಗೊಳಗೇ ಖುಷಿ.

ಚಪಾತಿಯನ್ನು ತಿರುವಿ ತಿರುವಿ
ಮುಖ ಯಾವುದೆಂದು ಹುಡುಕುತ್ತಾಳೆ;
ಅವರಲ್ಲಿ ರೊಟ್ಟಿ ಬೋರಲು ಇಡುವಂತಿಲ್ಲವಂತೆ.
ಮುದ್ದೆಗೆ ಆ ತಾಪತ್ರಯವಿಲ್ಲ.
ಅದನ್ನು ಅಗಿದಳು. ಪಾಪ, ಅರ್ಧ ಗಂಟೆ.

ನಿಗೋರಾ ಅನ್ನುವ ಹೆಸರು ಅವ್ವನ ಬಾಯಲ್ಲಿ
ನೀಗೂರು, ನಾಗೂರು ಆಗಿ
ಕೊನೆಗೆ ಯಾವುದೋ ಸ್ಟಾಪಿನಲ್ಲಿ ಕೆಟ್ಟು ನಿಂತಿತು.
"ಇಟ್ರಾವೇ ಪಿಲ್ಲಾ" ಅಂದಳು ಒಂದು ದಿನ.
ಅವಳು ನಕ್ಕು ಓಡಿ ಬಂದಳು.
ಯಾಕೆ ಅಷ್ಟು ನಕ್ಕಳೋ, ಯಾರೂ ಕೇಳಲಿಲ್ಲ.

ಪಿಲ್ಲಾ ಅಂದರೆ ನಾನು.
ಹದಿನೇಳು ವರ್ಷದಿಂದ, ಈ ಮನೆಯ ಅರೆ ತೆಲುಗಿನಲ್ಲಿ, ನಾನೊಬ್ಬಳೇ.
ಕೋಣೆ ಹೋದಾಗ ಅಳದವಳು
ಅವತ್ತು ತೋಟಕ್ಕೆ ಹೋಗಿ
ಬೇಕಾದ್ದಕ್ಕಿಂತ ಎರಡು ಹೊರೆ ಹೆಚ್ಚು
ಹಿಪ್ಪುನೇರಳೆ ಕಡ್ಡಿ ಕತ್ತರಿಸಿ ಹಾಕಿದೆ.

ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ
ಅವಳೂ ಮಲಗಿಬಿಟ್ಟಳು.
ಮೈ ಮುಟ್ಟಿದರೆ ತಣ್ಣಗೆ.
ಊಟ ಬೇಡ, ಫೋನ್ ಬೇಡ, ಗೋಡೆ ಕಡೆ ಮುಖ.
ಅಮ್ಮ ಡಾಕ್ಟರ್ ಅಂದಳು, ಅವ್ವ ದೃಷ್ಟಿ ಅಂದಳು.
ಹುಳುಮನೆಯಲ್ಲಿ ಸುಣ್ಣದ ಪುಡಿ ಉದುರಿಸುತ್ತಿದ್ದ ಅಪ್ಪ
ತಲೆ ಎತ್ತದೆ ಹೇಳಿದರು:
ಕೂತದ್ದನ್ನು ಅಲುಗಿಸಬಾರದು.
ಸೊಪ್ಪು ಹಾಕಬೇಡಿ, ಎದ್ದ ಮೇಲೆ ತಾನೇ ಕೇಳುತ್ತೆ.
ಹುಳುವಿನ ಮಾತೋ, ಅವಳದೋ.

ಎರಡನೇ ರಾತ್ರಿ ಹುಳು ಎದ್ದವು.
ಹತ್ತರ ಮೇವು ಹಾಕುತ್ತಿದ್ದೆ, ಬರಿಗಾಲಲ್ಲಿ ಬಂದು ನಿಂತಳು.
ಸಾವಿರ ಸಣ್ಣ ಬಾಯಿಗಳ ಆ ಸದ್ದಿಗೆ
ಕಿವಿ ಕೊಟ್ಟು ಸುಮಾರು ಹೊತ್ತು.
ಆಮೇಲೆ, ಇಬ್ಬರದೂ ಮುರುಕಾದ ಇಂಗ್ಲಿಷಿನಲ್ಲಿ:
ವಸಂತ ಬಂದರೆ ನಮ್ಮ ದೊಡ್ಡ ಕೋಣೆ ಹುಳುವಿಗೆ.
ನಾನು, ತಮ್ಮ, ಅಜ್ಜಿ ಎಲ್ಲ ಜಗಲಿಯಲ್ಲಿ.
ನನ್ನ ಮಂಚದ ಜಾಗ ಪ್ರತಿ ವರ್ಷ ಅವಕ್ಕೇ ಹೋಗುತ್ತಿತ್ತು.
ತುಂಬಾ ಸಿಟ್ಟು ಬರುತ್ತಿತ್ತು, ಅಂದಳು,
ನನ್ನ ಕಡೆ ನೋಡದೆ.

ಮೂಲೆಯ ಚಂದ್ರಿಕೆಯಲ್ಲಿ ಹಿಂದಿನ ಬೆಳೆಯ
ಒಂದು ಗೂಡು ಅಂಟಿಕೊಂಡೇ ಉಳಿದಿತ್ತು.
ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು.
"ಪಿಲ್ಲ," ಅಂದಳು. "ನಮ್ಮಲ್ಲಿ ಇದಕ್ಕೆ ಪಿಲ್ಲ."
ನಾನು ಅದನ್ನು ಕಿವಿಯ ಹತ್ತಿರ ಅಲುಗಿಸಿದೆ.
ಒಳಗೆ ಏನೋ ಒಣಗಿದ್ದು ಟಕ್ ಅಂತು.

ಟೀಯ ವಿಷಯ ಕೇಳಿದ್ದೂ ಅವತ್ತೇ.
ಲೋಟ ತುಂಬ ಕೊಟ್ಟರೆ
ಕುಡಿದು ಹೊರಡಿ ಎಂದಂತಂತೆ;
ಅರ್ಧ ಕೊಟ್ಟರೆ ಮತ್ತೆ ಮತ್ತೆ ಎದ್ದು ಬಗ್ಗಿಸಬಹುದು.
ಅಪ್ಪನಿಗೆ ಹೇಳಿದೆ. ಹ್ಞೂಂ ಅಂದರು.

ಇವತ್ತು ಮೇಷ್ಟ್ರ ಫೋನ್: ಮರಳು ಬಂತಂತೆ.
ಅವಳ ಲೋಟಕ್ಕೆ ಬಗ್ಗಿಸುತ್ತಿದ್ದವಳು
ಅರ್ಧಕ್ಕೆ ನಿಲ್ಲಿಸಿದೆ.
ಸಕ್ಕರೆ ಹಾಕಲು ಮರೆತಿದ್ದೆ.
ಹೇಳದೆ ಕುಡಿದಳು.